ದೋಣಿ ಅಜ್ಜಿಗೆ ಕೊಟ್ಟ ಮಾತು

ಭಾನುವಾರ, 9 ಫೆಬ್ರವರಿ 2025

ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 23ನೇ ಸೆಷನ್ ಮುಗಿಸಿ ಮಲ್ಲೇಶ್ವರದಿಂದ ಈಗಷ್ಟೇ ಮನೆಗೆ ಬಂದೆ. ಊಟಕ್ಕಿಂತ ಮೊದಲು ನೋಟ್‌ಬುಕ್ ತೆಗೆದಿದ್ದೇನೆ. ಬೆಳಗಾದರೆ ಅರ್ಧ ಮರೆತುಹೋಗಿರುತ್ತದೆ.

ಇವತ್ತು ಆಟದಲ್ಲಿ ನದಿ ದಾಟಬೇಕಿತ್ತು. ದೋಣಿ ಅಜ್ಜಿ ನಮ್ಮನ್ನು ಹತ್ತಿಸಿಕೊಳ್ಳಲೇ ಇಲ್ಲ. ಹಣ ಕೊಡುತ್ತೇವೆ ಅಂದೆವು, ಬೇಡ ಅಂದಳು. ಯಾಕೆ ಅಂತ ಐದು ಜನರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ, ಕಥೆ ನಡೆಸುವ, ಅಜ್ಜಿಯಂಥ ಉಳಿದ ಪಾತ್ರಗಳನ್ನೆಲ್ಲ ಆಡುವ ಡಿಎಂ (ಡಂಜನ್ ಮಾಸ್ಟರ್) ಸುಮ್ಮನೆ ಕೂತಿದ್ದರು. ಆಗ ನಾನು ಹಿಂದಿನ ಪುಟ ತಿರುವಿದೆ. 9ನೇ ಸೆಷನ್, ಆಟದ ದಿನ 12: 'ಹುಣ್ಣಿಮೆಯೊಳಗೆ ಮೊಮ್ಮಗನ ಸುದ್ದಿ ತರುತ್ತೇವೆ ಅಂತ ದೋಣಿ ಅಜ್ಜಿಗೆ ಮಾತು ಕೊಟ್ಟೆವು.' ಅಂಚಿನಲ್ಲಿ ಹುಣ್ಣಿಮೆ ದಿನ 30 ಅಂತಲೂ ಬರೆದಿತ್ತು. ಇವತ್ತು ದಿನ 41. ನಿಜ ಜೀವನದಲ್ಲಿ ಏಳು ತಿಂಗಳು ಕಳೆದಿದೆ, ಯಾರಿಗೆ ನೆನಪಿರುತ್ತದೆ? ಆದರೆ ಅಜ್ಜಿಗೆ ಅದು ಹೋದ ತಿಂಗಳ ಮಾತು, ಅಲ್ವಾ.

ಓದಿ ಹೇಳಿದ ಮೇಲೆ ಎಲ್ಲರೂ ಮೌನ. ಆಮೇಲೆ ನಮ್ಮ ಪ್ಯಾಲಡಿನ್ (ಧರ್ಮಯೋಧನ ಪಾತ್ರ) ಅಜ್ಜಿಯ ಮುಂದೆ ಮಂಡಿಯೂರಿ ಕ್ಷಮೆ ಕೇಳಿದ. ಅರ್ಧ ಗಂಟೆ ಬರೀ ಮಾತು, ಒಬ್ಬರೂ ದಾಳ ಮುಟ್ಟಲಿಲ್ಲ. ಈ ಕ್ಯಾಂಪೇನ್‌ನಲ್ಲಿ, ಅಂದರೆ ಸೆಷನ್‌ನಿಂದ ಸೆಷನ್‌ಗೆ ಮುಂದುವರಿಯುವ ಈ ಕಥೆಯಲ್ಲಿ, ನನಗೆ ತುಂಬಾ ಹಿಡಿಸಿದ ಅರ್ಧ ಗಂಟೆ ಅದು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ 1974ರಲ್ಲಿ ಬಂತು. ಅದನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1979ರಲ್ಲಿ ಡಿಎಂಗಳಿಗಾಗಿ ಬರೆದ ಕೈಪಿಡಿಯಲ್ಲಿ, ಕಾಲದ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡದಿದ್ದರೆ ಕ್ಯಾಂಪೇನ್‌ಗೆ ಅರ್ಥವೇ ಇರುವುದಿಲ್ಲ ಅಂತ ಹೇಳಿದ್ದಾರೆ, ಅದೂ ಇಡೀ ವಾಕ್ಯವನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲೇ ಅಚ್ಚು ಹಾಕಿಸಿ. ಮೊದಲು ಓದಿದಾಗ ಜಾಸ್ತಿ ಆಯಿತು ಅನ್ನಿಸಿತ್ತು. ಇವತ್ತು ಅನ್ನಿಸಲಿಲ್ಲ.

ಶುರುವಿನಲ್ಲಿ ನಾನು ಬರೆಯುತ್ತಿದ್ದದ್ದು ಬರೀ ಕಾಳಗ: ಎಷ್ಟು ಗಾಬ್ಲಿನ್ ಸತ್ತವು, ಎಷ್ಟು ಚಿನ್ನದ ನಾಣ್ಯ ಸಿಕ್ಕಿತು. ತಿರುಗಿ ಓದಿದರೆ ಯಾರ ದನಿಯೂ ಕೇಳಿಸುತ್ತಿರಲಿಲ್ಲ. ಜಪಾನಿನಲ್ಲಿ 'ರೀಪ್ಲೇ' ಅಂತ ಒಂದು ಬಗೆಯ ಬರಹವೇ ಇದೆ, ಮೇಜಿನ ಸುತ್ತ ಆಡಿದ ಮಾತುಗಳನ್ನು ನಾಟಕದ ಹಾಗೆ ಬರೆದಿಡುವುದು. ಲೋಡೋಸ್ ಎಂಬ ಕಾಲ್ಪನಿಕ ದ್ವೀಪದ ಜಪಾನಿ ಕಥೆಗಳು ಶುರುವಾದದ್ದೇ 1986ರಲ್ಲಿ ಕಾಂಪ್ಟಿಕ್ ಪತ್ರಿಕೆಯಲ್ಲಿ ಬಂದ ಇಂಥ ರೀಪ್ಲೇಗಳಿಂದ. ಅದು ಗೊತ್ತಾದ ಮೇಲೆ ನನ್ನ ಕ್ರಮ ಬದಲಾಯಿತು. ಈಗ ಎಡಪುಟದಲ್ಲಿ ಆಟದ ದಿನ, ಜಾಗ, ಸಿಕ್ಕವರ ಹೆಸರು. ಬಲಪುಟ ಪೂರ್ತಿ ಮಾತಿಗೆ: ಯಾರು ಏನು ಅಂದರು, ಯಾರಿಗೆ ಏನು ಕೊಡುತ್ತೇವೆ ಅಂದೆವು, ಯಾರ ಋಣ ಬಾಕಿ. ಹಿಟ್ ಪಾಯಿಂಟ್ (ಪಾತ್ರಕ್ಕೆ ಉಳಿದಿರುವ ಪ್ರಾಣಬಲದ ಅಂಕ) ಬರೆಯುವುದಿಲ್ಲ, ಅದು ಪಾತ್ರದ ವಿವರ ಬರೆದಿಡುವ ಕ್ಯಾರೆಕ್ಟರ್ ಶೀಟ್‌ನಲ್ಲಿರುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿಯೂ ನೋಡಿದೆವು. ನಾಲ್ಕು ಗಂಟೆಯ ಆಡಿಯೋ, ಇವತ್ತಿನವರೆಗೂ ಯಾರೂ ಕೇಳಿಲ್ಲ.

ಕನ್ನಡದಲ್ಲಿ ಬರೆಯುವುದರಿಂದ ಒಂದು ಅನುಕೂಲ ಇದೆ. ಡಿಎಂ ಹುಟ್ಟಿಸುವ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಓದುತ್ತಾರೆ. ನನ್ನ ಪುಸ್ತಕದಲ್ಲಿ ನಾವು ಕರೆದ ಹಾಗೇ ಉಳಿಯುತ್ತದೆ.

ಕೆಲಸ ಸಿಕ್ಕಿ ಪುಣೆಗೆ ಹೋದ ನಮ್ಮ ಗೆಳೆಯನಿಗೆ ಪುಟಗಳ ಫೋಟೋ ಕಳಿಸಬೇಕು. ಅವನ ಕಳ್ಳ ಪಾತ್ರ 15ನೇ ಸೆಷನ್‌ನಿಂದ ಬಂದರಿನಲ್ಲೇ ಉಳಿದಿದೆ. ಪ್ರತಿ ಸಲ ತನ್ನ ಹೇಸರಗತ್ತೆ ಯಾರ ಹತ್ತಿರ ಇದೆ ಅಂತ ಕೇಳುತ್ತಾನೆ, ಅದಕ್ಕೆ ಅದನ್ನೂ ತಪ್ಪದೆ ಬರೆಯುತ್ತೇನೆ.

ಇವತ್ತಿನ ಕೊನೆಯ ಸಾಲು: 'ದಿನ 41. ನದಿ ದಾಟಿಲ್ಲ. ಅಜ್ಜಿ ದೋಣಿಯ ಹಗ್ಗ ಬಿಚ್ಚಿಲ್ಲ, ಆದರೆ ಗಂಜಿ ಕೊಟ್ಟಳು. ಹೇಸರಗತ್ತೆ ಅವಳ ಮನೆ ಹಿಂದೆ ಕಟ್ಟಿದೆ.'