ಕೆನೆಯೋ ಮಜ್ಜಿಗೆಯೋ: ನಡುಮನೆ ಗೋಡೆ ಎಲ್ಲಿಗೆ ಬಂತು

ಪುಟ್ಟಿ ಆಯಿತು, ಉಜ್ಜಿದ್ದೂ ಆಯಿತು, ಪ್ರೈಮರ್ ಒಣಗಿದೆ. ಈಗ ಬಣ್ಣದ ಪಂಚಾಯ್ತಿ.

ಶೇಡ್ ಕಾರ್ಡಿನಲ್ಲಿ ಆರಿಸಿದ ಎರಡು ಬಣ್ಣಕ್ಕೂ ಕಂಪನಿಯವರು ಉದ್ದುದ್ದ ಹೆಸರಿಟ್ಟಿದ್ದಾರೆ, ಮನೆಯಲ್ಲಿ ಯಾರ ಬಾಯಿಗೂ ಹತ್ತಲಿಲ್ಲ. ಹಾಗಾಗಿ ಒಂದು ಕೆನೆ, ಇನ್ನೊಂದು ಮಜ್ಜಿಗೆ. ಎರಡೂ ಬಿಳಿಯೇ, ಕೆನೆಗೆ ಒಂಚೂರು ಹಳದಿ ಸೇರಿದೆ, ಮಜ್ಜಿಗೆಗೆ ಹಳದಿಯ ಜೊತೆ ಒಂಚೂರು ಕಪ್ಪೂ ಸೇರಿದೆ. ಕಾರ್ಡಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿದರೂ "ಎರಡೂ ಒಂದೇ ಅಲ್ವಾ?" ಅಂತಾರೆ ಅಮ್ಮ.

ಗೋಡೆಗೆ ನೇರವಾಗಿ ಬಳಿಯದೆ ದೊಡ್ಡ ರಟ್ಟುಗಳಿಗೆ ಎರಡೆರಡು ಕೋಟ್ ಹೊಡೆದು ಒಣಗಿಸಿದೆ. ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಗೋಡೆ ಬಣ್ಣ) ಹಸಿಯಿದ್ದಾಗ ತಿಳಿಯಾಗಿ ಕಂಡು ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ, ಆದ್ದರಿಂದ ಹಸಿಯಲ್ಲಿ ನೋಡಿ ತೀರ್ಮಾನ ಮಾಡಬಾರದು. ರಟ್ಟಾದರೆ ಗೋಡೆಯಿಂದ ಗೋಡೆಗೆ ಒಯ್ಯಬಹುದು, ಅದೇ ಅನುಕೂಲ.

ಮಜಾ ಶುರುವಾಗಿದ್ದು ಆಗ. ನಮ್ಮದು ಹಳೇ ಮನೆ, ರೆಡ್ ಆಕ್ಸೈಡ್ ನೆಲ. ಮಧ್ಯಾಹ್ನ ಬಾಗಿಲಿಂದ ಬಿಸಿಲು ಬಂದು ನೆಲಕ್ಕೆ ಬಿದ್ದರೆ ಆ ಕೆಂಪು ಗೋಡೆಯ ಕೆಳಭಾಗಕ್ಕೆಲ್ಲ ಹರಡುತ್ತದೆ. ಕೆನೆಯ ರಟ್ಟನ್ನು ಅಲ್ಲಿ ಒರಗಿಸಿದರೆ ಕೆಳಗಿನ ಅರ್ಧ ಪೂರ್ತಿ ಕೇಸರಿಗೆ ತಿರುಗಿತು. ಮಜ್ಜಿಗೆಯೂ ಬೆಚ್ಚಗಾಯಿತು, ಆದರೆ ಅದರಲ್ಲಿರುವ ಕಪ್ಪು ಆ ಕೆಂಪನ್ನು ಹದ್ದುಬಸ್ತಿನಲ್ಲಿ ಇಟ್ಟಿತು. ಉತ್ತರದ ಕಿಟಕಿಯ ಹತ್ತಿರ ಮಾತ್ರ ಉಲ್ಟಾ: ಅಲ್ಲಿ ನೇರ ಬಿಸಿಲಿಲ್ಲ, ಬರೋದು ಆಕಾಶದ ನೀಲಿ ಬೆಳಕು. ಕೆನೆ ಚೆನ್ನಾಗಿ ಕಂಡಿತು, ಮಜ್ಜಿಗೆ ಸ್ವಲ್ಪ ಸಪ್ಪೆ.

ರಾತ್ರಿಗೆ ಬಲ್ಬ್ ಬದಲಾಯಿಸಿ ನೋಡಿದೆ. 6500 ಕೆಲ್ವಿನ್ನಿನ (ಬೆಳಕಿನ ಬಣ್ಣದ ಅಳತೆ) ಬಿಳಿ ಎಲ್‌ಇಡಿಯಲ್ಲಿ ಮಜ್ಜಿಗೆ ಆಸ್ಪತ್ರೆ ಗೋಡೆಯ ಹಾಗೆ ಕಾಣಿಸಿತು, ನಿಜ ಹೇಳಬೇಕು. 3000ದ ಹಳದಿ ಬಲ್ಬ್ ಹಾಕಿದ ತಕ್ಷಣ ಸರಿಹೋಯಿತು. ಅದೇ ಬಲ್ಬಿನಲ್ಲಿ ಕೆನೆ ಮಾತ್ರ ತೀರಾ ಹಳದಿ, ಎಷ್ಟೋ ವರ್ಷದಿಂದ ಬಣ್ಣ ಕಾಣದ ಗೋಡೆ ಅನ್ನಿಸುವಷ್ಟು.

ಆದ್ದರಿಂದ ಮಜ್ಜಿಗೆಯೇ. ಬಲ್ಬ್ ಯಾವಾಗ ಬೇಕಾದರೂ ಬದಲಾಯಿಸಬಹುದು, ನೆಲ ಬದಲಾಯಿಸೋಕಾಗಲ್ಲ, ಬದಲಾಯಿಸೋ ಆಸೆಯೂ ಇಲ್ಲ. ಅಮ್ಮನ ವೋಟು ಇನ್ನೂ ಕೆನೆಗೇ, ಅವರ ರೂಮಿಗೆ ಅದನ್ನೇ ಹೊಡೆಸೋಣ ಎಂದಿದ್ದೇನೆ. ಅಲ್ಲಿ ಹೇಗೂ ಟೈಲ್ಸ್ ನೆಲ.

ಇನ್ನು ಅಂಗಡಿಗೆ ಹೋಗಿ ನಡುಮನೆಗೆ ಬೇಕಾದಷ್ಟನ್ನೂ ಒಂದೇ ಸಲ ಮಿಕ್ಸ್ ಮಾಡಿಸಬೇಕು. ಸಾಲದೆ ಮತ್ತೆ ತಂದರೆ ಕೂದಲೆಳೆಯಷ್ಟು ವ್ಯತ್ಯಾಸ ಬರಬಹುದು, ಇಷ್ಟು ತಿಳಿ ಬಣ್ಣದಲ್ಲಿ ಅದೂ ಗೋಡೆ ನಡುವೆ ಎದ್ದು ಕಾಣುತ್ತದೆ.