ಒಂದು ಕಟ್ಟು ಮೆಂಕೊ ಬಿಚ್ಚಿದ ದಿನ

ಜಪಾನಿನ ಹರಾಜುಗಳಲ್ಲಿ ಹಳೆಯ ಬೇಸ್‌ಬಾಲ್ ಕಾರ್ಡುಗಳು ಬಿಡಿಯಾಗಿ ಸಿಗುತ್ತವೆ, ಕಟ್ಟುಗಟ್ಟಲೆಯಾಗಿಯೂ ಸಿಗುತ್ತವೆ. ಕಲಿಯುವುದಕ್ಕೆ ಕಟ್ಟೇ ಒಳ್ಳೆಯದು. ಶನಿವಾರ ಬೆಳಿಗ್ಗೆ ಮೇಜಿನ ಮೇಲೆ ಬಿಚ್ಚಿದ ಕಟ್ಟಿಗೆ ಮಾರಿದವರು ಕೊಟ್ಟಿದ್ದ ವಿವರ ಒಂದೇ ಸಾಲು: ‘ಯಾಕ್ಯೂ ಮೆಂಕೊ, ಶೋವಾ 30ರ ದಶಕ’. ಯಾಕ್ಯೂ ಅಂದರೆ ಬೇಸ್‌ಬಾಲ್. ಶೋವಾ ಎಂಬುದು ಜಪಾನಿನ ಚಕ್ರವರ್ತಿಯ ಆಳ್ವಿಕೆಯ ವರ್ಷಗಣನೆ; ಆ ವರ್ಷಕ್ಕೆ 1925 ಕೂಡಿಸಿದರೆ ಇಸವಿ ಸಿಗುತ್ತದೆ, ಅಂದರೆ ಇವು 1955ರಿಂದ 1964ರ ನಡುವಿನವು. ಬೆಲೆ ಕಟ್ಟಲು ಹತ್ತು ವರ್ಷದ ಅಂತರ ತೀರಾ ದೊಡ್ಡದು. ಅದನ್ನು ಒಂದೆರಡು ವರ್ಷಕ್ಕೆ ಇಳಿಸುವುದೇ ಆ ದಿನದ ಕೆಲಸ.

ಮೆಂಕೊ ಮಕ್ಕಳ ಆಟದ ರಟ್ಟು. ಎದುರಾಳಿಯ ಕಾರ್ಡು ನೆಲದ ಮೇಲಿರುತ್ತದೆ. ಅದರ ಪಕ್ಕಕ್ಕೆ ತನ್ನದನ್ನು ಜೋರಾಗಿ ಬಡಿದು, ಗಾಳಿಯ ಹೊಡೆತಕ್ಕೆ ಅದು ಮಗುಚಿಕೊಂಡರೆ ಅದು ತನ್ನದು. ಹಾಗಾಗಿ ಮೂಲೆ ನಸುಕಿದ, ಅಂಚು ಬಿರಿದ ಕಾರ್ಡನ್ನು ನೋಡಿ ಮುಖ ಸಿಂಡರಿಸಬೇಕಾಗಿಲ್ಲ. ಭಾರ ಬರಲೆಂದು ಮಕ್ಕಳು ಮೇಣ ಹಚ್ಚುತ್ತಿದ್ದುದೂ ಉಂಟು. ಅಂಥ ಕಾರ್ಡು ಬೆಳಕಿಗೆ ಓರೆಯಾಗಿ ಹಿಡಿದರೆ ತೇಪೆ ತೇಪೆಯಾಗಿ ಹೊಳೆಯುತ್ತದೆ. ಆ ಮೇಣವನ್ನು ಕೆರೆಯಬೇಡಿ, ಅದರ ಜೊತೆ ಬಣ್ಣವೂ ಕಿತ್ತು ಬರುತ್ತದೆ.

ಮೊದಲು ಎಲ್ಲವನ್ನೂ ಬೆನ್ನು ಮೇಲೆ ಮಾಡಿ ಹರಡಬೇಕು. ಹೊಸಬರು ಮುಖ ನೋಡಿ ವಿಂಗಡಿಸುತ್ತಾರೆ, ಆದರೆ ಯಾವ ಸರಣಿ ಎಂದು ಹೇಳುವುದು ಬೆನ್ನು. ಅಲ್ಲಿ ಕಲ್ಲು-ಕತ್ತರಿ-ಕಾಗದ ಆಟದ ಚಿಹ್ನೆ, ಉದ್ದನೆಯ ಒಂದು ಸಂಖ್ಯೆ, ಕೆಲವದರಲ್ಲಿ ತಯಾರಕರ ಗುರುತು ಇರುತ್ತವೆ. ಮಾರುಕಾಮಿ, ಮಾರುಸಾನ್, ದೋಯೂಶಾ ಪದೇಪದೇ ಕಾಣಸಿಗುವ ಹೆಸರುಗಳು. ಅಕ್ಷರದ ಬಣ್ಣ, ಚಿಹ್ನೆಯ ಜಾಗ, ಸಂಖ್ಯೆಯ ಅಂಕಿಗಳೆಷ್ಟು ಎಂಬ ಮೂರನ್ನು ಹೊಂದಿಸಿ ಗುಂಪು ಮಾಡಿದರೆ ಒಂದೇ ಕಟ್ಟಿನಲ್ಲಿ ಹಲವು ಸರಣಿಗಳು ಬೆರೆತಿರುವುದು ಬೇಗ ಗೊತ್ತಾಗುತ್ತದೆ. ಸಂಗ್ರಾಹಕರ ಪಟ್ಟಿಯಲ್ಲಿ ಆಯತಾಕಾರದ್ದಕ್ಕೆ ಜೆಸಿಎಂ, ದುಂಡನೆಯದಕ್ಕೆ ಜೆಆರ್‌ಎಂ, ತೆಳು ಫೋಟೊ ಕಾರ್ಡಿಗೆ ಜೆಬಿಆರ್ ಎಂಬ ಸಂಕೇತಗಳಿವೆ.

ಇಸವಿಗೆ ಮುಖದ ಕಡೆ ಬರಬೇಕು. ಆಟಗಾರ ಯಾರು ಎಂಬುದರಷ್ಟೇ ಅವನು ಯಾವ ಜೆರ್ಸಿಯಲ್ಲಿದ್ದಾನೆ ಎಂಬುದೂ ಮುಖ್ಯ. ಮಾಸಾಇಚಿ ಕನೆದಾ ಕೊಕುತೆತ್ಸು ಸ್ವಾಲೋಸ್ ತಂಡದ ಜೆರ್ಸಿಯಲ್ಲಿದ್ದರೆ ಚಿತ್ರ 1964 ಅಥವಾ ಅದಕ್ಕೂ ಮೊದಲಿನದು. 1965ರಿಂದ ಅವರು ಜೈಂಟ್ಸ್‌ನಲ್ಲಿದ್ದರು. ಹವಾಯಿಯಿಂದ ಬಂದ ವಾಲಿ ಯೋನಮಿನೆ 1960ರವರೆಗೆ ಜೈಂಟ್ಸ್, ಆಟಗಾರನಾಗಿ ಡ್ರ್ಯಾಗನ್ಸ್‌ನಲ್ಲಿ ಆಡಿದ್ದು 1961 ಮತ್ತು 1962 ಮಾತ್ರ. ಡ್ರ್ಯಾಗನ್ಸ್ ಜೆರ್ಸಿಯ ಯೋನಮಿನೆ ಸಿಕ್ಕರೆ ಇಡೀ ಗುಂಪಿನ ಇಸವಿ ಹೆಚ್ಚುಕಡಿಮೆ ಕೈಗೆ ಬಂದಂತೆ. ತಂಡದ ಹೆಸರುಗಳೂ ನೆರವಿಗೆ ಬರುತ್ತವೆ. ದೈಮೈ ಓರಿಯನ್ಸ್ ಎಂಬ ಹೆಸರಿದ್ದದ್ದು 1958ರಿಂದ 1963ರವರೆಗೆ, ಅದಕ್ಕೆ ಮುಂಚೆ ಅದೇ ತಂಡ ಮೈನಿಚಿ ಓರಿಯನ್ಸ್.

ಎಡವುವುದು ಹೆಚ್ಚಾಗಿ ಜೈಂಟ್ಸ್ ಜೆರ್ಸಿಯ ಸಂಖ್ಯೆ 3ರಲ್ಲಿ. 3 ಕಂಡ ಕೂಡಲೇ ತಾರಾ ಆಟಗಾರ ಶಿಗೆಓ ನಾಗಾಶಿಮಾ ಎಂದು ದುಡ್ಡು ಸುರಿಯುವವರಿದ್ದಾರೆ. 1956ರವರೆಗೆ ಆ ಸಂಖ್ಯೆ ಶಿಗೆರು ಚಿಬಾ ಅವರದು, ನಾಗಾಶಿಮಾ ಬಂದದ್ದು 1958ರಲ್ಲಿ. ಕಾರ್ಡಿನ ಬೆನ್ನು ಯಾವ ಗುಂಪಿನದೆಂದು ನೋಡದೆ ಇದನ್ನು ನಿರ್ಧರಿಸಬಾರದು. ಸದಾಹರು ಓ ಅವರನ್ನು ಗುರುತಿಸುವುದು ಸುಲಭ: ಹೆಸರು ಒಂದೇ ಅಕ್ಷರ, ಮೂರು ಅಡ್ಡಗೆರೆಗೆ ನಡುವೆ ಒಂದು ಉದ್ದಗೆರೆ. ಜೆರ್ಸಿ ಸಂಖ್ಯೆ 1, ಮೊದಲ ವರ್ಷ 1959. ಬಲಗಾಲೆತ್ತಿ ಒಂಟಿಕಾಲಲ್ಲಿ ನಿಂತು ಹೊಡೆಯುವ ಅವರ ಪ್ರಸಿದ್ಧ ಭಂಗಿ ಪಂದ್ಯದಲ್ಲಿ ಕಾಣಿಸಿದ್ದು 1962ರ ಜುಲೈಯಲ್ಲಿ. ಆ ಭಂಗಿ ಇದ್ದರೆ ಕಾರ್ಡು ಅದಕ್ಕೆ ಮುಂಚಿನದಾಗಿರಲಾರದು. ಎರಡೂ ಕಾಲು ನೆಲದ ಮೇಲಿದ್ದ ಮಾತ್ರಕ್ಕೆ ಹಳೆಯದು ಎನ್ನುವಂತೆಯೂ ಇಲ್ಲ, ಫೋಟೊಗಾಗಿ ಸುಮ್ಮನೆ ನಿಂತಿರಬಹುದು. ಶನಿವಾರದ ಕಟ್ಟಿನಲ್ಲಿ ಕಾಲೆತ್ತಿದ ಓ ಒಬ್ಬರು ಸಿಕ್ಕಿದ್ದೇ ತಡ, ಅದೇ ಬೆನ್ನಿನ ಇಡೀ ರಾಶಿ 1962ರಿಂದ ಈಚೆಗೆ ಸರಿಯಿತು.

ಅಸಲಿಯೋ ಮರುಮುದ್ರಣವೋ ಎಂದು ನೋಡಲು 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಅಸಲಿಯಲ್ಲಿ ಹೆಸರಿನ ಕಪ್ಪು ಅಕ್ಷರ ಒಂದೇ ಶಾಯಿಯಲ್ಲಿ ಗಟ್ಟಿಯಾಗಿ ಮೂಡಿರುತ್ತದೆ. ಕಾರ್ಡಿನ ಫೋಟೊ ತೆಗೆದು ಮತ್ತೆ ಅಚ್ಚು ಹಾಕಿದ್ದರೆ ಅಕ್ಷರವೂ ಬಣ್ಣಬಣ್ಣದ ಚುಕ್ಕಿಗಳಾಗಿ ಒಡೆದಿರುತ್ತದೆ. ಆಮೇಲೆ ಅಂಚು. ಮುಖ ಹಳದಿಗಟ್ಟಿ ಅಂಚೊಂದು ಮಾತ್ರ ಬಿಳಿಯಾಗಿದ್ದರೆ ಯಾರೋ ಈಚೆಗೆ ಕತ್ತರಿಸಿದ್ದಾರೆ. ನಮ್ಮ ಲೆಕ್ಕದಲ್ಲಿ ಆಡಿ ಸವೆದ ಕಾರ್ಡಿಗಿಂತ ಕತ್ತರಿಸಿ ಚೆಂದ ಮಾಡಿದ ಕಾರ್ಡು ಕಡಿಮೆ ಯೋಗ್ಯತೆಯದು. ಮಾರಾಟದ ವಿವರದಲ್ಲಿ ‘ಫುಕ್ಕೊಕು’ ಎಂದಿದ್ದರೆ ಅದು ಮರುಮುದ್ರಣವೆಂದು ಅವರೇ ಒಪ್ಪಿಕೊಂಡಂತೆ. ಅತಿನೇರಳೆ ಟಾರ್ಚಿಗೆ ಕಾಗದ ನೀಲಿಯಾಗಿ ಬೆಳಗಿದರೆ ಅದರಲ್ಲಿ ಬಿಳುಪುಕಾರಕವಿದೆ. ಯುದ್ಧಕ್ಕೆ ಮುಂಚಿನದು ಎಂದು ಮಾರುವ ಕಾರ್ಡಿಗೆ ಇದು ಒಳ್ಳೆಯ ಪರೀಕ್ಷೆ, 1960ರ ದಶಕದ್ದಕ್ಕೆ ಪ್ರಯೋಜನವಿಲ್ಲ.

ಇಡುವಾಗ ದಪ್ಪದ ಕಡೆ ಗಮನ ಬೇಕು. ಸಾಮಾನ್ಯ 35 ಪಾಯಿಂಟ್ ಗಟ್ಟಿಕವಚದ ಒಳಜಾಗ ಸುಮಾರು 0.9 ಮಿ.ಮೀ. ದಪ್ಪ ಮೆಂಕೊವನ್ನು ಅದಕ್ಕೆ ತುರುಕಿದರೆ ಮೂಲೆಯಲ್ಲಿ ಪದರ ಬಿಚ್ಚಿಕೊಳ್ಳುತ್ತದೆ. 75 ಪಾಯಿಂಟ್, ಅಂದರೆ 1.9 ಮಿ.ಮೀ. ಜಾಗದ್ದು ಬೇಕು. ಅಗಲದಲ್ಲಿ ಮೆಂಕೊ ಚಿಕ್ಕದಾದ್ದರಿಂದ ಒಳಗೆ ಜಾರಾಡುತ್ತದೆ. ಮೊದಲು ಅಳತೆಗೆ ಸರಿಯಾದ ಪಾಲಿಪ್ರೊಪಿಲೀನ್ ಚೀಲಕ್ಕೆ ಹಾಕಿ, ಆಮೇಲೆ ಕವಚಕ್ಕೆ ಇಳಿಸಿ. ಪಿವಿಸಿ ಹಾಳೆಗಳು ಬೇಡ, ವರ್ಷ ಕಳೆದಂತೆ ಅಂಟಂಟಾಗಿ ಶಾಯಿ ಎಳೆದುಕೊಳ್ಳುತ್ತವೆ. ಮೆಂಕೊ ಪದರ ಪದರವಾಗಿ ಅಂಟಿಸಿದ ರಟ್ಟು, ತೇವ ತಗಲಿದರೆ ಬಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಇಡುವವರು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ತೇವಮಾಪಕವನ್ನೂ ಇಡಲಿ. ಮುಳ್ಳು 40ರಿಂದ 50 ಶೇಕಡಾ ನಡುವೆ ಇದ್ದರೆ ಸಾಕು. ಬಾಗಿದ ಕಾರ್ಡನ್ನು ಇಸ್ತ್ರಿಪೆಟ್ಟಿಗೆಯಿಂದ ನೇರ ಮಾಡಲು ಹೋಗಬಾರದು, ಬಿಸಿಗೆ ಅಂಟು ಬಿಡುತ್ತದೆ.