ಟಾಮಿ ಲಾಟನ್‌ಗೆ ಸಿಗಬೇಕಿದ್ದ ಕೆಲಸ

ಬೆಂಗಳೂರಿನ ನಮ್ಮ ಆಸ್ಟಿನ್ ಟೌನ್ ಕಡೆ ಹಳೇ ಫುಟ್‌ಬಾಲ್ ಆಟಗಾರನ ಮಾತು ಬಂತು ಅಂದ್ರೆ ಎರಡನೇ ಪ್ರಶ್ನೆಯೇ ‘ಯಾವ ಫ್ಯಾಕ್ಟರೀಲಿದ್ದ?’ ಅಂತ. ಐಟಿಐ, ಎಚ್‌ಎಎಲ್ ಅನ್ನೋ ಸರ್ಕಾರಿ ಫ್ಯಾಕ್ಟರಿಗಳ ಟೀಮುಗಳ ಕಾಲ ಅದು. ಚೆನ್ನಾಗಿ ಆಡಿದರೆ ಕೆಲಸ, ಕೆಲಸದ ಜೊತೆ ಪಿಎಫ್. ನಮ್ಮ ಸೋದರಮಾವ ಹಾಗೇ ಸೇರಿ, ಮಂಡಿ ಕೈಕೊಟ್ಟ ಮೇಲೂ ಫ್ಯಾಕ್ಟರಿ ಬಸ್ ಹತ್ತಿ ನಿವೃತ್ತಿಯವರೆಗೆ ಓಡಾಡಿದರು. ಇಂಥ ಮನೇಲಿ ಬೆಳೆದವನಿಗೆ ಇಂಗ್ಲೆಂಡಿನ ಟಾಮಿ ಲಾಟನ್ ಬಗ್ಗೆ ಓದುವಾಗಲೂ ಗೋಲಿಗಿಂತ ಸಂಬಳದ ಮೇಲೇ ಕಣ್ಣು.

ಗೋಲುಗಳೇನೂ ಕಡಿಮೆಯಿಲ್ಲ ಬಿಡಿ. 1919ರಲ್ಲಿ ಹುಟ್ಟಿದ ಈ ಸೆಂಟರ್ ಫಾರ್ವರ್ಡ್, ಅಂದ್ರೆ ಗೋಲು ಹೊಡೆಯೋ ಮುಂಚೂಣಿ ಆಟಗಾರ, ಹದಿನಾರಕ್ಕೇ ಬರ್ನ್ಲಿ ಕ್ಲಬ್ ಪರ ಲೀಗ್ ಆಡಿದ. 17 ತುಂಬಿದ ನಾಲ್ಕೇ ದಿನಕ್ಕೆ ಟಾಟನ್‌ಹ್ಯಾಮ್ ವಿರುದ್ಧ ಹ್ಯಾಟ್ರಿಕ್. ಕೂಡಲೇ ಎವರ್ಟನ್ 6,500 ಪೌಂಡ್ ಕೊಟ್ಟು ಕರೆದುಕೊಂಡಿತು. ಅಲ್ಲಿದ್ದವನು ಡಿಕ್ಸಿ ಡೀನ್, ಒಂದೇ ಸೀಸನ್‌ನಲ್ಲಿ 60 ಲೀಗ್ ಗೋಲು ಹೊಡೆದವನು. ಈ ಹುಡುಗ ತನ್ನ ಜಾಗಕ್ಕೇ ಬಂದವನು ಅಂತ ಗೊತ್ತಿದ್ದೂ ಡೀನ್ ಅವನಿಗೆ ಹೆಡಿಂಗ್ ಹೇಳಿಕೊಟ್ಟ. ಆಗಿನ ಚರ್ಮದ ಚೆಂಡು ಮಳೆಯಲ್ಲಿ ನೆನೆದರೆ ಎಷ್ಟು ಭಾರವಾಗುತ್ತಿತ್ತು! ಅದನ್ನು ತಲೆಯಲ್ಲಿ ಹೊಡೆದು ಬದುಕೋದು ಸುಮ್ನೆ ಅಲ್ಲ. 1939ರಲ್ಲಿ ಎವರ್ಟನ್ ಲೀಗ್ ಗೆದ್ದಾಗ ಡೀನ್ ಬಿಟ್ಟು ಹೋಗಿದ್ದ, ಗೋಲಿನ ಭಾರವನ್ನು ಲಾಟನ್ ಹೊತ್ತಿದ್ದ.

ಮುಂದಿನ ಸೀಸನ್ ಮೂರೇ ಪಂದ್ಯಕ್ಕೆ ನಿಂತಿತು. ಯುದ್ಧ. ಆಗ ಅವನ ವಯಸ್ಸು 19.

ಲಾಟನ್ ಸೈನ್ಯದ ದೈಹಿಕ ತರಬೇತಿ ವಿಭಾಗ ಸೇರಿದ. ಎಲ್ಲಿ ಪೋಸ್ಟಿಂಗೋ ಅಲ್ಲಿಯ ಕ್ಲಬ್‌ಗೆ ಅತಿಥಿಯಾಗಿ ಆಡಬಹುದಿತ್ತು. 1940ರ ಕ್ರಿಸ್‌ಮಸ್ ದಿನ ಬೆಳಿಗ್ಗೆ ಲಿವರ್‌ಪೂಲ್ ಮೇಲೆ ಎವರ್ಟನ್ ಪರ ಆಡಿ, ಮಧ್ಯಾಹ್ನ ಕ್ರೂನಲ್ಲಿ ಟ್ರಾನ್‌ಮಿಯರ್ ಪರ ಇಳಿದ. 1943ರಲ್ಲಿ ಮೇನ್ ರೋಡ್ ಮೈದಾನದಲ್ಲಿ ಇಂಗ್ಲೆಂಡ್ ಸ್ಕಾಟ್ಲೆಂಡನ್ನು 8–0ಯಿಂದ ಬಡಿದಾಗ ನಾಲ್ಕು ಗೋಲು ಇವನದೇ. ಆದರೆ ಯುದ್ಧಕಾಲದ ಪಂದ್ಯಗಳು ಅಧಿಕೃತ ಲೆಕ್ಕಕ್ಕೆ ಸೇರಲ್ಲ. ಇಂಗ್ಲೆಂಡ್ ಪರ ದಾಖಲೆಯಲ್ಲಿ ಉಳಿದಿರೋದು 23 ಪಂದ್ಯ, 22 ಗೋಲು. ಅದೇ ಬೇಕಾದಷ್ಟಾಯಿತು ಅಂತ ನನಗನ್ನಿಸುತ್ತೆ, ಆದ್ರೂ ಹೊಟ್ಟೆ ಉರಿಯುತ್ತೆ.

1945ರಲ್ಲಿ ಚೆಲ್ಸಿ. ಆಮೇಲೆ ಬಂದದ್ದು ನನಗೆ ಬಹಳ ಕುತೂಹಲದ ಭಾಗ. 1947ರ ಮೇನಲ್ಲಿ ಲಿಸ್ಬನ್‌ನಲ್ಲಿ ಪೋರ್ಚುಗಲ್ ಮೇಲೆ 10–0 ಗೆಲುವು, ಅದರಲ್ಲೂ ಇವನದು ನಾಲ್ಕು. ಅಂಥವನು ನವೆಂಬರ್‌ನಲ್ಲಿ ನಾಟ್ಸ್ ಕೌಂಟಿಗೆ ಹೋದ. ಮೂರನೇ ಡಿವಿಷನ್ ಕ್ಲಬ್! ಬೆಲೆ 20,000 ಪೌಂಡ್, ಬ್ರಿಟನ್ನಿನಲ್ಲಿ ಆವರೆಗಿನ ದಾಖಲೆ. ಆ ದುಡ್ಡು ಕ್ಲಬ್‌ಗೆ. ಆಟಗಾರನಿಗೆ ಆಗ ಗರಿಷ್ಠ ವೇತನದ ಮಿತಿ ಇತ್ತು, ವಾರಕ್ಕೆ 12 ಪೌಂಡ್. ಎಷ್ಟು ದೊಡ್ಡ ಹೆಸರಾದರೂ ಅಷ್ಟೇ. ಚೆಲ್ಸಿಯಲ್ಲಿ ಮಸಾಜ್ ಮಾಡುತ್ತಿದ್ದ ಗೆಳೆಯ ಆರ್ಥರ್ ಸ್ಟಾಲರಿ ಈಗ ಕೌಂಟಿಯಲ್ಲಿ ಮ್ಯಾನೇಜರ್ ಆಗಿದ್ದ ಅನ್ನೋದು ಒಂದು ಕಾರಣ. ಇನ್ನೊಂದು, ಆಟ ಮುಗಿದ ಮೇಲೆ ಫುಟ್‌ಬಾಲಿನ ಹೊರಗೆ ಕೆಲಸ ಕೊಡಿಸುತ್ತೇವೆ ಅನ್ನೋ ಮಾತು.

ಇದನ್ನು ಹೇಳಿದಾಗ ಮಾವ ಚಹಾ ಲೋಟ ಕೆಳಗಿಟ್ಟು ಕೇಳಿದ್ದು ಒಂದೇ: “ಬರವಣಿಗೇಲಿ ಕೊಟ್ಟಿದ್ರಾ?”

ಆ ಕೆಲಸ ಬರಲೇ ಇಲ್ಲ. 1950ರಲ್ಲಿ ಕೌಂಟಿಯನ್ನು ಎರಡನೇ ಡಿವಿಷನ್‌ಗೆ ಏರಿಸಿದ, ಬ್ರೆಂಟ್‌ಫರ್ಡ್‌ನಲ್ಲಿ ಆಡಿದ, 33ರ ವಯಸ್ಸಲ್ಲಿ ಆರ್ಸೆನಲ್ ಸೇರಿದ. ಮ್ಯಾನೇಜರ್ ಆಗಿ ಕೌಂಟಿಗೆ ವಾಪಸ್ ಬಂದಾಗ ತಂಡ ಕೆಳಗಿನ ಡಿವಿಷನ್‌ಗೆ ಇಳಿಯಿತು. ಪಬ್ ನಡೆಸಿದ. ಸಾಲ ಬೆಳೆಯಿತು, ಚೆಕ್ ಬೌನ್ಸ್ ಆಗಿ ಕೋರ್ಟ್ ಮೆಟ್ಟಿಲೂ ಹತ್ತಿದ. 1972ರಲ್ಲಿ ಎವರ್ಟನ್ ಅವನಿಗಾಗಿ ಒಂದು ಸಹಾಯಾರ್ಥ ಪಂದ್ಯ ಆಡಿಸಿತು. ಆಮೇಲೆ ನಾಟಿಂಗ್‌ಹ್ಯಾಮ್‌ನ ಪತ್ರಿಕೆಯೊಂದರಲ್ಲಿ ಅಂಕಣ ಬರೆಯುವ ಕೆಲಸ ಸಿಕ್ಕಿತು. ಹೊತ್ತು ಮೀರಿಯಾದರೂ ಫುಟ್‌ಬಾಲೇ ಅವನಿಗೆ ಮತ್ತೆ ಸಂಬಳ ಕೊಟ್ಟಿತು.